ಮಿಂಚುಳ್ಳಿಯ ಖಾಲಿ ಸಾಲು

ಇಪ್ಪತ್ತು ದಿನಕ್ಕೊಮ್ಮೆ ನಮ್ಮ ದ್ವೀಪಕ್ಕೆ ಹಡಗು ಬರುತ್ತೆ, ನಾಲ್ಕು ಗಂಟೆ ನಿಲ್ಲುತ್ತೆ. ಇಳಿದವರನ್ನ ಕಾಡಲ್ಲಿ ನಡೆಸಿ ಹಕ್ಕಿ ತೋರಿಸೋದು ನನ್ನ ಕೆಲಸ. ಅವರಲ್ಲಿ ಒಬ್ಬ ಮಾತ್ರ ಪ್ರಯಾಣಿಕನಲ್ಲ, ಹಡಗಿನ ಬೇಕರಿಯವನು. ಬೆಳಗಿನ ಬ್ರೆಡ್ ಬೇಯಿಸಿಟ್ಟು, ಮಣಿಕಟ್ಟಿನ ಹಿಟ್ಟನ್ನೂ ತೊಳೆಯದೆ ಓಡಿಬರ್ತಿದ್ದ. ನಾನು ಕರೀತಿದ್ದಿದ್ದು "ಬ್ರೆಡ್ ಸಾಹೇಬ್ರು" ಅಂತ.

ಬಂದವರಿಗೆಲ್ಲ ನಾನು ಕೊಡೋ ಪಟ್ಟಿಯಲ್ಲಿ ನಲವತ್ತೆರಡು ಹಕ್ಕಿ. ನೋಡಿದ ಹಕ್ಕಿಯ ಹೆಸರಿನ ಮುಂದೆ ಅವರು ತಾರೀಖು ಬರೀಬೇಕು, ಸಾಕ್ಷಿಗೆ ನಾನು ಸಹಿ ಹಾಕಬೇಕು. ಎರಡು ವರ್ಷದಲ್ಲಿ ಅವನಿಗೆ ಉಳಿದಿದ್ದು ಒಂದೇ, ಕೆಂಪು ಕೊಕ್ಕಿನ ಪುಟ್ಟ ಮಿಂಚುಳ್ಳಿ. ಅದರ ಗೂಡು ತೊರೆಯ ದಂಡೆಯಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದ್ರೂ ಪ್ರತಿ ಸಲ ಗುಡ್ಡದ ದಾರೀಲೇ ಕರ್ಕೊಂಡು ಹೋದೆ. ಪಟ್ಟಿ ತುಂಬಿದ್ರೆ ಇವನು ಮತ್ತೆ ಯಾಕೆ ಬರ್ತಾನೆ? ಕಳ್ಳಿ ನಾನು.

ಇವತ್ತು ಜೆಟ್ಟಿಯಲ್ಲಿ ಇಳಿದವನೇ ಹೇಳಿದ, "ಮೇಡಂ, ಇದೇ ಕೊನೇ ಸಲ. ಹಡಗಿನ ಕೆಲಸ ಬಿಡ್ತಿದ್ದೀನಿ. ಅಮ್ಮ ಹುಡುಗಿ ನೋಡಿದ್ರು, ನಾನೂ ಒಪ್ಪಿಕೊಂಡೆ. ಮುಂದಿನ ತಿಂಗಳು ಮದುವೆ."

"ಓಹೋ, ಒಳ್ಳೇದಾಯ್ತು ಬಿಡಿ" ಅಂದೆ.

ಬರಿಗೈಯಲ್ಲಿ ಕಳಿಸೋಕೆ ಮನಸ್ಸು ಬರಲಿಲ್ಲ. ತೊರೆಯ ಹತ್ತಿರ ಕರ್ಕೊಂಡು ಹೋದೆ. ದಂಡೆಯ ತೂತಿನಿಂದ ಮಿಂಚುಳ್ಳಿ ಹೊರಬಂದು ನಮ್ಮೆದುರಿನ ಕೊಂಬೆ ಮೇಲೇ ಕೂತಿತು.

"ನೋಡಿದ್ರಾ?"

ಅವನು ನೋಡ್ತಿದ್ದಿದ್ದು ನನ್ನನ್ನ. ಪೆನ್ಸಿಲ್ ತೆಗೆದು ಖಾಲಿ ಸಾಲಿನಲ್ಲಿ ತಾರೀಖು ಬರೆದ. ಎರಡು ವರ್ಷ ಹಳೇ ತಾರೀಖು! ನಾವು ಮೊದಲ ಸಲ ನಡೆದ ದಿನ.

"ತಾರೀಖು ತಪ್ಪಾಯ್ತಲ್ರೀ."

"ಇಲ್ಲ ಮೇಡಂ. ಅವತ್ತು ನೀವು ಶೂ ಲೇಸ್ ಕಟ್ಕೊಳ್ಳೋಕೆ ಬಗ್ಗಿದ್ರಿ. ಇದು ನಿಮ್ಮ ತಲೆ ಮೇಲೇ ಹಾರಿಹೋಯ್ತು."

"ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ಮತ್ತೆ ಬರೋಕೆ ನೆಪ ಎಲ್ಲಿರ್ತಿತ್ತು?"

ನನಗೆ ತಡೆಯೋಕಾಗಲಿಲ್ಲ. "ಈ ಗೂಡು ನನಗೆ ಮೊದಲಿಂದ ಗೊತ್ತಿತ್ತು ಕಣ್ರೀ. ನೀವು ಬರೋದು ನಿಂತುಹೋಗುತ್ತೆ ಅಂತ ಬೇಕಂತಲೇ ತೋರಿಸ್ಲಿಲ್ಲ."

ಅವನು ನಕ್ಕ. ನಗ್ತಾ ನಗ್ತಾನೇ ಕಣ್ಣು ಒರೆಸ್ಕೊಂಡ, ಹಿಟ್ಟು ಕೆನ್ನೆಗೆ ಹತ್ತಿತು. ಒರೆಸೋಕೆ ಎತ್ತಿದ ಕೈಯನ್ನ ನಾನು ಹಿಂದಕ್ಕೆ ಎಳ್ಕೊಂಡೆ.

"ಆ ಹುಡುಗಿ ದಿನ ಎಣಿಸ್ತಿದ್ದಾಳೆ ಮೇಡಂ. ಮಾತು ಕೊಟ್ಟಾಗಿದೆ."

"ಗೊತ್ತು. ಮಾತು ತಪ್ಪಬೇಡಿ."

ಹಡಗು ಕೂಗಿತು. ಅವನು ಪಟ್ಟಿ ಚಾಚಿದ. ಸಹಿ ಹಾಕಿದೆ. ಅದರ ಕೆಳಗೆ ನಾನೂ ಅದೇ ಹಳೇ ತಾರೀಖು ಬರೆದೆ.

"ನಂದೂ ಅವತ್ತಿಂದಲೇ" ಅಂದೆ.