ವಾಪಸ್ ಬಂದ ಪ್ರಶ್ನೆ

ರಾಜಶೇಖರ ನನಗೆ ಪರಿಚಯವಾದದ್ದೇ ನನ್ನ ಪ್ರಶ್ನೆಯನ್ನು ವಾಪಸ್ ಕಳಿಸಿ.

ಟೆಲಿಗ್ರಾಮ್‌ನಲ್ಲಿ ತತ್ತ್ವಶಾಸ್ತ್ರ ಚರ್ಚೆಯ ಒಂದು ಗ್ರೂಪ್. ಅವನು ಅದರ ಅಡ್ಮಿನ್. ಯಾರು ಪ್ರಶ್ನೆ ಕಳಿಸಿದರೂ ಹೆಸರಿಲ್ಲದೆ ಮೊದಲು ಅವನಿಗೇ ಹೋಗಬೇಕು. ಸ್ಪಷ್ಟವಾಗಿದ್ದರೆ ಗ್ರೂಪಿಗೆ ಹಾಕುತ್ತಾನೆ. ಸ್ವಂತ ಕಥೆ ಬರೆಯುವಂತಿಲ್ಲ.

‘ಸುಖ ಅಂದರೇನು?’ ಎಂದು ಕೇಳಿದ್ದೆ. ‘ಯಾರ ಸುಖ? ಎಂಥ ಸುಖ? ತಿದ್ದಿ ಕಳಿಸಿ’ ಎಂದು ಉತ್ತರಿಸಿದ. ಮೈಯೆಲ್ಲ ಉರಿದುಹೋಯಿತು. ಜಗಳ ಆಡಲಿಕ್ಕೆಂದೇ ಅವನ ನಂಬರ್ ತೆಗೆದುಕೊಂಡೆ. ಜಗಳ ಮಾತಾಯಿತು, ಮಾತು ಅಭ್ಯಾಸವಾಯಿತು.

ನಾನು ಗುಂಡ್ಲುಪೇಟೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವನು ಚಾಮರಾಜನಗರದಲ್ಲಿ ಅಪ್ಪನ ಅರಿಸಿನ ಮಂಡಿ ನೋಡಿಕೊಳ್ಳುವವನು. ಭಾನುವಾರ ಬಸ್ ಹತ್ತಿ ಬರುತ್ತಿದ್ದ, ಉಗುರಿನ ಸಂದಿಯಲ್ಲೆಲ್ಲ ಅರಿಸಿನ.

“ಮದ್ವೆ ಗಂಡಿನ್ ತರ ಬಂದಿದ್ದೀಯಲ್ಲ,” ಎಂದು ರೇಗಿಸಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ. ಕಾಫಿ ಲೋಟದ ಅಂಚಿನಿಂದ ಕದ್ದು ನೋಡುವುದು, ನಾನು ನೋಡಿದ ಕೂಡಲೇ ಟೇಬಲ್ ನೋಡುವುದು. ಆ ಒಂದು ನೋಟಕ್ಕೆ ವಾರವೆಲ್ಲ ಕಾಯುತ್ತಿದ್ದೆ. ಬಾಯಿ ಬಿಟ್ಟು ಮಾತ್ರ ಅವನು ಏನೂ ಕೇಳಲಿಲ್ಲ. ನಮ್ಮಪ್ಪ ಚಿಕ್ಕಮಾದಯ್ಯನ ಮನೆಗೆ ಅವನ ಜಾತಿಯವರು ಹೆಣ್ಣು ಕೇಳಿಕೊಂಡು ಬರುವುದುಂಟೇ? ಅದು ಇಬ್ಬರಿಗೂ ಗೊತ್ತಿತ್ತು.

ಮನೆಯವರು ಕರೆಸಿದ್ದ ಮೈಸೂರಿನ ಗಂಡೊಬ್ಬ ನನ್ನನ್ನು ನೋಡಿ ಒಪ್ಪಿದ ದಿನ, ರಾಜಶೇಖರನನ್ನು ನೇರವಾಗಿ ಕೇಳುವ ಧೈರ್ಯ ಸಾಲದೆ ಗ್ರೂಪಿಗೇ ಬರೆದೆ: ‘ಒಬ್ಬರು ಕೇಳಲೇ ಇಲ್ಲವೆಂದರೆ ಇನ್ನೊಬ್ಬರು ಎಲ್ಲಿಯವರೆಗೆ ಕಾಯಬೇಕು?’ ಹೆಸರು ಕಾಣದಿದ್ದರೇನು, ನನ್ನ ಮಾತಿನ ಧಾಟಿ ಅವನಿಗೆ ಗೊತ್ತಾಗದೇ?

‘ಸ್ಪಷ್ಟವಿಲ್ಲ. ಸ್ವಂತ ವಿಷಯವಾದರೆ ಇಲ್ಲಿ ಬೇಡ,’ ಎಂದು ಬಂತು.

ಇದೇ ಅವನ ಉತ್ತರ ಅಂದುಕೊಂಡೆ. ಅತ್ತು ಮುಖ ತೊಳೆದು, ಮನೆಯಲ್ಲಿ ಹೂಂ ಅಂದೆ. ಹಿರಿಯರು ಎಲೆಯಡಿಕೆ ಬದಲಾಯಿಸಿಕೊಂಡು ಮಾತು ಕೊಟ್ಟರು.

ಸುದ್ದಿ ತಿಳಿದು ಅವನು ಓಡಿ ಬಂದ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೂತೆವು.

“ಅದು ನೀನು ಅಂತ ಗೊತ್ತಾಗ್ನಿಲ್ಲ ಕಣಮ್ಮಿ. ಯಾರೋ ಕೇಳವ್ರೆ ಅನ್ಕಂಡು ವಾಪಸ್ ಕಳ್ಸ್‌ಬುಟ್ಟೆ.”

“ಗೊತ್ತಾಗ್ಬೇಕಿತ್ತು.”

“ನಂಗೇ ಕೇಳ್ಬೋದಿತ್ತಲ್ಲ?”

“ನೀನು ಸಿಕ್ಕಿದ್ದೇ ಅಲ್ಲಿ. ಇನ್ನೆಲ್ಲಿ ಕೇಳ್ಲಿ?”

ಅವನು ಮೊದಲ ಬಾರಿಗೆ ಕಣ್ಣು ತಪ್ಪಿಸದೆ ನನ್ನನ್ನು ನೋಡಿದ.

“ಈಗ ಕೇಳ್ತೀನಿ. ನನ್ನ ಮದ್ವೆ ಆಯ್ತೀಯಾ?”

ಹೂಂ ಎಂಬ ಮಾತು ತುಟಿವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು ಕೇಳಿದೆ, “ನಿಮ್ಮಪ್ಪನ ಎದ್ರು ನಿಂತು ಇದೇ ಮಾತ ಹೇಳ್ತೀಯಾ?”

ಒಂದೊಂದು ಪದಕ್ಕೂ ಅರ್ಥ ಕೇಳುವವನು ಈ ಸಲ ಏನನ್ನೂ ಕೇಳಲಿಲ್ಲ.

“ಇಲ್ಲ ಕಣಮ್ಮಿ. ನನ್ ಕೈಲಾಗಲ್ಲ. ಅಪ್ಪನ್ನ ಕಂಡ್ರೆ ಭಯ.”

ಸುಳ್ಳು ಹೇಳಿದ್ದರೆ ಬೈದು ಎದ್ದುಹೋಗಬಹುದಿತ್ತು. ನಿಜ ಹೇಳಿಬಿಟ್ಟ. ಹಾಳು ಪ್ರೀತಿ ಇನ್ನಷ್ಟು ಹೆಚ್ಚಾಯಿತು. ಅವನ ಕೈ ಹಿಡಿದುಕೊಂಡೆ, ಎಲ್ಲರ ಎದುರಿಗೇ. ಅವನೂ ಬಿಡಿಸಿಕೊಳ್ಳಲಿಲ್ಲ. ಚಾಮರಾಜನಗರದ ಬಸ್ ಬಂತು. ಅವನು ಹತ್ತಿದ.

ಮಾತುಕತೆಯಾದ ದಿನದಿಂದಲೂ ಧಾರೆ ಸೀರೆ ತರಲು ಅವ್ವ ಕರೆಯುತ್ತಲೇ ಇದ್ದಳು, ನಾನು ಮುಂದೂಡುತ್ತಲೇ ಇದ್ದೆ. ಬಸ್ ಸ್ಟ್ಯಾಂಡಿನಿಂದಲೇ ಅವಳಿಗೆ ಫೋನ್ ಮಾಡಿದೆ.

“ನಾಳೆ ಸೀರೆಗೆ ಹೋಗನ ಕಣವ್ವ.”

“ಯಾವ ಬಣ್ಣ ತಕ್ಕಳನ ಕಣಮ್ಮಿ?” ಅವ್ವನ ದನಿಯಲ್ಲಿ ಸಂತೋಷ ತುಂಬಿತ್ತು.

“ನೀನೇ ನೋಡಿ ಆರ್ಸವ್ವ,” ಎಂದೆ.