ಗುಹೆಯ ಹೊರಗೆ ನಿಂತವಳು

ವ್ಯಾನಿನ ಬಾಗಿಲು ಎಳೆದವಳ ಕೈ ಹಾಗೇ ನಿಂತಿತು.

ಅವನು...

ಒಂದು ಕೈಯಲ್ಲಿ ಅಜ್ಜಿಯ ತೋಳು, ಇನ್ನೊಂದರಲ್ಲಿ ನೀರಿನ ಬಾಟಲಿ. ನಾಲ್ಕು ವರ್ಷದಲ್ಲಿ ಸ್ವಲ್ಪ ಇಳಿದುಹೋಗಿದ್ದ. ಅವಳು ಮುಖ ಬಿಗಿ ಮಾಡಿಕೊಂಡಳು.

"ಈ ಗಾಡಿ... ನೀನು ಓಡಿಸ್ತೀಯಾ?"

"ಹೌದು. ಟಿಕೆಟ್ ಇದ್ದೋರಿಗೆ ಸೀಟಿದೆ, ಮಾತಿಗೆ ಸೀಟಿಲ್ಲ. ನೀವು ಹತ್ತಿ."

ಒಂದು ಕಾಲದಲ್ಲಿ ಅವನನ್ನು 'ಲೋ' ಎಂದು ಕರೆಯುತ್ತಿದ್ದವಳು ಬೇಕೆಂದೇ 'ನೀವು' ಎಂದಿದ್ದಳು. ಅವನಿಗೆ ನಾಟಿತು. ನಾಟಲಿ ಎಂದುಕೊಂಡಳು.

ಬೆಟ್ಟದ ಗುಹಾ ದೇವಸ್ಥಾನಕ್ಕೆ ವಾರವಾರ ಪ್ರವಾಸಿಗರನ್ನು ಕರೆದೊಯ್ಯುವುದು ಅವಳ ಕೆಲಸ. ಆದರೆ ಗುಹೆಯೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಒಳಗಿನ ವಿಷಯ ಯಾರು ಹೇಳಬಂದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಬೇರೆ ರೂಟ್ ಕೊಡ್ಲಾ?" ಎಂದು ಮಾಲೀಕ ಕೇಳಿದಾಗ, "ಯಾವನೋ ಕೈಕೊಟ್ಟ ಅಂತ ನಾನ್ಯಾಕೆ ದಾರಿ ಬಿಡ್ಲಿ?" ಎಂದಿದ್ದಳು.

ಕೈಕೊಟ್ಟವನು ಇವನೇ. ಎರಡೂ ಮನೆಯವರು ಒಪ್ಪದಿದ್ದಾಗ, ಗುಹೆಯ ದೇವರ ಮುಂದೆ ಮದುವೆಯಾಗೋಣ ಎಂದು ಇಬ್ಬರೂ ನಿಶ್ಚಯಿಸಿದ್ದರು. ಗುಹೆಯ ಬಾಗಿಲಲ್ಲಿ ಸಿಗಬೇಕು, ಕೈ ಹಿಡಿದೇ ಒಳಗೆ ಹೋಗಬೇಕು, ಒಬ್ಬೊಬ್ಬರೇ ಹೋಗಕೂಡದು ಎಂದು ಮಾತಾಗಿತ್ತು. ಅವಳು ಬೆಳಿಗ್ಗೆಯಿಂದ ಕತ್ತಲಾಗುವವರೆಗೂ ಬಾಗಿಲಲ್ಲಿ ನಿಂತಳು. ಬೆಟ್ಟದ ಮೇಲೆ ಫೋನ್ ಸಿಗುತ್ತಿರಲಿಲ್ಲ. ಅವನು ಬರಲಿಲ್ಲ. ಕೆಳಗಿಳಿದವಳೇ ಸಿಮ್ ಮುರಿದು ಎಸೆದಳು. ಅತ್ತಿದ್ದು ಅವತ್ತೊಂದೇ ದಿನ.

ಅಜ್ಜಿ ಮುಂದಿನ ಸೀಟೇ ಬೇಕೆಂದು ಹಟ ಹಿಡಿದು ಕೂತಿದ್ದಳು. ದಾರಿಯುದ್ದಕ್ಕೂ ಅವಳದೇ ಮಾತು.

"ನನ್ನ ಮೊಮ್ಮಗನ ವಿಷಯ ಏನ್ ಹೇಳ್ಲಿ ತಾಯಿ. ಮದುವೆ ಅಂದ್ರೆ ಕಿವಿ ಮುಚ್ಕೊಳ್ತಾನೆ. ಯಾವಳೋ ಕೈಕೊಟ್ಟಳಂತೆ."

ಬ್ರೇಕ್ ಮೇಲೆ ಕಾಲು ಕೊಂಚ ಜೋರಾಗಿಯೇ ಬಿತ್ತು. ವ್ಯಾನಿನಲ್ಲಿದ್ದವರೆಲ್ಲ ಮುಂದಕ್ಕೆ ವಾಲಿದರು.

"ಗುಂಡಿ ಇತ್ತು," ಎಂದಳು. ರಸ್ತೆ ಅಂಗೈಯಷ್ಟು ನುಣ್ಣಗಿತ್ತು.

'ಕೈಕೊಟ್ಟಿದ್ದು ನಾನಾ? ಕಳ್ಳನೇ ದೂರು ಕೊಟ್ಟ ಹಾಗಾಯ್ತಲ್ಲ...'

ಬೆಟ್ಟದ ಮೇಲೆ ಪ್ರವಾಸಿಗರೆಲ್ಲ ಗುಹೆಯೊಳಗೆ ಹೋದರು. ಅಜ್ಜಿಯ ತೋಳು ಹಿಡಿದಿದ್ದ ಅವನು ಮಾತ್ರ ಬಂಡೆಯಲ್ಲೇ ಕೊರೆದ ಕಂಬಗಳ ಎದುರು ಕಕ್ಕಾಬಿಕ್ಕಿಯಾಗಿ ನಿಂತ.

"ಇದ್ಯಾವ ಬಾಗಿಲು?"

"ನಾಟಕ ಬೇಡ. ಅವತ್ತು ಇಡೀ ದಿನ ನಾನು ನಿಂತಿದ್ದ ಬಾಗಿಲು."

"ನೀನು... ಬಂದಿದ್ಯಾ?" ಅವನ ದನಿ ಬಿದ್ದುಹೋಯಿತು. "ನಾನು ಆ ಕಡೆ ಬಾಗಿಲಲ್ಲಿ ನಿಂತಿದ್ದೆ. ಇರೋದು ಅದೊಂದೇ ಅಂದ್ಕೊಂಡಿದ್ದೆ."

"ಸುಳ್ಳು."

ಅಜ್ಜಿ ಇಬ್ಬರನ್ನೂ ಮತ್ತೆ ಮತ್ತೆ ನೋಡಿದಳು. "ಸುಳ್ಳಲ್ಲ ತಾಯಿ. ನಮ್ಮೂರು ಬೆಟ್ಟದ ಹಿಂದೆ. ನಾವು ಕಾಲುದಾರಿ ಹತ್ತಿ ಹಿಂದಿನ ಬಾಗಿಲಿಂದಲೇ ಬರ್ತಿದ್ವಿ. ನಡುವೆ ದೇವರು. ದೇವರ ಆಚೆ ಕತ್ತಲೆ ಅಂತ ಹೆದರಿ ಇವನು ಚಿಕ್ಕವನಿದ್ದಾಗ ಅಲ್ಲಿಂದಲೇ ವಾಪಸ್ ಓಡ್ತಿದ್ದ. ಈಗ ನನ್ನ ಮಂಡಿ ಹತ್ತೋಕೆ ಬಿಡಲ್ಲ, ಅದಕ್ಕೇ ಸುತ್ತಿಕೊಂಡು ನಿನ್ನ ಗಾಡಿಲಿ ಬಂದಿದ್ದು." ಸ್ವಲ್ಪ ತಡೆದು, "ಓ... ಆ ಹುಡುಗಿ ನೀನೇನಾ?" ಎಂದಳು.

ಅವಳು ಕಂಬಗಳ ನಡುವಿನ ಕತ್ತಲೆಯತ್ತ ತಿರುಗಿ ನೋಡಿದಳು.

"ಒಳಗೆ ಬಂದು ನೋಡಿದ್ರೆ ಸಿಗ್ತಿದ್ದೆ," ಎಂದಳು.

"ನೀನು ಬರದೆ ನಾನು ಹೇಗೆ ಒಳಗೆ ಹೋಗ್ಲಿ? ಮಾತಾಗಿತ್ತಲ್ಲ."

ಅವಳೂ ಅದಕ್ಕೇ ಹೋಗಿರಲಿಲ್ಲ. ನಡುವೆ ಇದ್ದದ್ದು ಒಂದು ಬಂಡೆ. ಎರಡೂ ಕಡೆ ಇಬ್ಬರು ಹಟಮಾರಿಗಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಆಮೇಲಾದ್ರೂ ಹುಡುಕಬಹುದಿತ್ತು."

"ಫೋನ್ ಆಫ್ ಆಗಿತ್ತು. ಅದೇ ನಿನ್ನ ಉತ್ತರ ಅಂದ್ಕೊಂಡೆ. ತಪ್ಪು ನಂದೇ... ಮನೆಗೇ ಬರಬೇಕಿತ್ತು."

"ಬರಬೇಕಿತ್ತು. ಅದನ್ನ ನಾನು ಅಷ್ಟು ಬೇಗ ಮರೆಯಲ್ಲ."

"ಮರೀಬೇಡ. ಬೈತಾ ಇರು. ಆದ್ರೆ ನಾನಿನ್ನೂ ನಿನ್ನನ್ನೇ..."

"ಪೂರ್ತಿ ಹೇಳು. ಅರ್ಧಂಬರ್ಧ ತಿಳ್ಕೊಂಡು ನಾಲ್ಕು ವರ್ಷ ಹಾಳಾಗಿದ್ದು ಸಾಕು."

"ನಿನ್ನನ್ನೇ ಪ್ರೀತಿಸ್ತೀನಿ. ಇವತ್ತೇ ಮದುವೆ ಆಗ್ತೀಯಾ?"

ನಾಲ್ಕು ವರ್ಷ ಕಟ್ಟಿಹಾಕಿದ್ದ ಕಣ್ಣೀರು ಆಗ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಆಗ್ತೀನಿ."

"ನಿಮ್ಮಣ್ಣ ಇವತ್ತೂ ಒಪ್ಪಲ್ಲ. ನಮ್ಮಮ್ಮನೂ ಅಷ್ಟೇ."

"ಒಪ್ಪಿಗೆ ಅವತ್ತು ಕೇಳಿದ್ದಾಯ್ತು. ಇನ್ನು ಕೇಳೋಕೆ ಹೋಗಲ್ಲ, ಹೇಳೋಕೆ ಹೋಗ್ತೀನಿ."

"ನನ್ನ ಸೊಸೆಗೆ ನಾನು ಹೇಳ್ತೀನಿ ಬಿಡು," ಎಂದಳು ಅಜ್ಜಿ. "ಮೊದಲು ಒಳಗೆ ನಡೀರಿ. ನಿಂತು ನಿಂತು ನನ್ನ ಮಂಡಿ ಹೋಯ್ತು."

ಅವಳು ವ್ಯಾನಿನ ಕೀಲಿಯನ್ನು ಜೇಬಿಗೆ ಹಾಕಿ ಕೈ ಚಾಚಿದಳು. ಅವನು ಹಿಡಿದುಕೊಂಡ. ಅವನ ಅಂಗೈ ಬೆವರಿತ್ತು. ಒಳಗೆ ದೂರದಲ್ಲಿ ಒಂದು ದೀಪ ಉರಿಯುತ್ತಿತ್ತು, ಅಲ್ಲಿಯವರೆಗೆ ಬರೀ ಕತ್ತಲೆ.

"ಲೋ," ಎಂದಳು ಮೆಲ್ಲಗೆ. "ಈ ಸಲ ಹೆದರಿ ವಾಪಸ್ ಓಡಬೇಡ."

"ನೀನು ಕೈ ಬಿಟ್ರೆ ತಾನೇ?"

"ಬಿಡಲ್ಲ."