ಸಂಜೆಯ ಚೌಕಾಸಿ

"ಇಷ್ಟು ಕಡಿಮೆಗೆ ಒಪ್ಪಿದ್ರೆ ನಮ್ಮ ಯಜಮಾನರು ನನ್ನನ್ನೇ ಐಸ್ ಮಾಡಿ ಮಾರ್ತಾರೆ," ಎಂದ ಐಸ್ ಫ್ಯಾಕ್ಟರಿಯ ಎಂಜಿನಿಯರ್.

"ಅದಕ್ಕೂ ಕರೆಂಟ್ ಬೇಕಲ್ಲ. ಅದು ನಮ್ಮ ಹತ್ರಾನೇ ಇರೋದು," ಎಂದಳು ಅವಳು.

ಫೋನಿನ ಆ ಕಡೆ ನಗು ಕೇಳಿಸಿತು. ಇವಳು ತುಟಿ ಕಚ್ಚಿ ತಡೆದುಕೊಂಡಳು. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ.

ವಿದ್ಯುತ್ ಕಂಪನಿಯಲ್ಲಿ ಅವಳದು ವಿಚಿತ್ರ ಕೆಲಸ, ಕರೆಂಟ್ ಬಳಸಬೇಡಿ ಎಂದು ದುಡ್ಡು ಕೊಡುವುದು. ಸಂಜೆ ಸೂರ್ಯ ಇಳಿಯುತ್ತಿದ್ದಂತೆ ಸೋಲಾರ್ ಫಲಕಗಳು ಕೈಚೆಲ್ಲುತ್ತವೆ, ಗಾಳಿ ಇನ್ನೂ ಎದ್ದಿರುವುದಿಲ್ಲ, ಊರಿಗೆ ಊರೇ ಮನೆಗೆ ಬಂದು ಸ್ವಿಚ್ ಒತ್ತುತ್ತದೆ. ಆ ಒಂದು ಗಂಟೆಗಾಗಿ ಹಳೆಯ ಕಲ್ಲಿದ್ದಲು ಸ್ಥಾವರವನ್ನು ಹೊತ್ತಿಸುವುದಕ್ಕಿಂತ, ಯಂತ್ರ ನಿಲ್ಲಿಸಬಲ್ಲ ಕಾರ್ಖಾನೆಗೆ ಹಣ ಕೊಡುವುದು ಅಗ್ಗ, ಹೊಗೆಯೂ ಇಲ್ಲ. ಐಸ್ ಅಷ್ಟರಲ್ಲಿ ಕರಗಿಹೋಗುವುದಿಲ್ಲ. ಹಾಗಾಗಿ ದಿನವೂ ಮೊದಲ ಕರೆ ಅವನಿಗೇ.

ಅವನ ಮುಖ ನೋಡಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಕೊಳ್ಳುವವರೂ ಮಾರುವವರೂ ಪರಿಚಯ ಬೆಳೆಸಿಕೊಂಡರೆ ಬೆಲೆ ಕೆಡುತ್ತದೆ ಎಂಬುದು ಕಂಪನಿಯ ನಿಯಮ. ಆದ್ದರಿಂದ ಇಬ್ಬರೂ ಬೆಲೆಯ ಬಗ್ಗೆಯೇ ಮಾತಾಡುತ್ತಿದ್ದರು, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಮಾತನ್ನು ಎಳೆದೂ ಎಳೆದೂ. ಅವಳಿಗೆ ಶೀತವಾಗಿದ್ದ ದಿನ ಮಾತ್ರ ಅವನು ಮರುಮಾತಿಲ್ಲದೆ ಒಪ್ಪಿದ.

"ಗಂಟಲು ಸರಿಯಿಲ್ಲ ನಿಮ್ದು. ಜಾಸ್ತಿ ಮಾತಾಡಿಸಲ್ಲ," ಎಂದ.

ಫೋನ್ ಇಟ್ಟ ಮೇಲೆ ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಅವಳ ಗಂಟಲಿನ ಗೊಡವೆ ಬೇರೆ ಯಾರಿಗೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಒಂದೇ ತಟ್ಟೆ, ತೊಳೆದಿಟ್ಟರೆ ಅಡುಗೆಮನೆಯ ಕೆಲಸವೇ ಮುಗಿಯಿತು.

"ಒಬ್ಬಳೇ ಎಷ್ಟು ದಿನ ಅಂತ ಇರ್ತೀಯಾ?" ಅಕ್ಕ ಭಾನುವಾರಗಳಂದು ಫೋನಿನಲ್ಲಿ ಕೇಳುತ್ತಿದ್ದಳು.

"ಭಾವ ಎದುರಿಗೇ ಕೂತಿದ್ರೂ ನೀನು ಮಾತಾಡೋಕೆ ನನಗೇ ಫೋನ್ ಮಾಡ್ತೀಯಲ್ಲಕ್ಕಾ," ಎನ್ನುತ್ತಿದ್ದಳು ಇವಳು.

ಒಂದು ಗುರುವಾರ, ಕರೆಗಳೆಲ್ಲ ಮುಗಿದ ಮೇಲೆ, ಮೇಲಿನ ಮಹಡಿಯ ಅರ್ಥಶಾಸ್ತ್ರಜ್ಞರು ಕೆಳಗಿಳಿದು ಬಂದರು. ಮಾತೆತ್ತಿದರೆ ಪಾಠ ಶುರುಮಾಡುವ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. "ಸೋಮವಾರದಿಂದ ಈ ಫೋನ್ ಬೇಡಮ್ಮ. ಕೊರತೆ ಬಂದ ತಕ್ಷಣ ಕಂಪ್ಯೂಟರೇ ಬೆಲೆ ಕಳಿಸುತ್ತೆ. ಬೇಕಾದವರು ಬಟನ್ ಒತ್ತುತ್ತಾರೆ. ನಿಮ್ಮನ್ನ ಬಿಲ್ಲಿನ ದೂರು ವಿಭಾಗಕ್ಕೆ ಹಾಕಿದ್ದೀವಿ, ಅಲ್ಲಿಗೆ ಹೋಗೋ ಮೊದಲು ಒಂದು ವಾರ ಇಲ್ಲಿದ್ದು ಇದು ಹೇಗೆ ನಡೆಯುತ್ತೆ ನೋಡ್ಕೊಳ್ಳಿ."

ಉಳಿದದ್ದು ಶುಕ್ರವಾರದ ಒಂದೇ ಕರೆ. ಅವತ್ತು ಮಧ್ಯಾಹ್ನದಿಂದಲೇ ಗಾಳಿ ಬೀಸತೊಡಗಿತು. ಕಿಟಕಿಗಳು ದಡಬಡಿಸಿದವು. ಸಂಜೆಯಾದರೂ ಕೊರತೆಯ ಸುಳಿವಿಲ್ಲ, ಎಲ್ಲವೂ ಗಾಳಿಯಂತ್ರಗಳಿಂದಲೇ ನಡೆಯಿತು. ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು. ವರ್ಷಗಟ್ಟಲೆ ಇದಕ್ಕಾಗಿಯೇ ದುಡಿದವಳು, ಇವತ್ತೊಂದು ದಿನ ಗಾಳಿ ಸುಮ್ಮನಿರಬಾರದಿತ್ತೇ ಎಂದು ಒಳಗೇ ಹಲುಬಿದಳು. ಯಾರಿಗೂ ಕರೆ ಮಾಡುವ ಕಾರಣವಿರದೆ ಹೆಡ್‌ಸೆಟ್ ಹಾಕಿಕೊಂಡೇ ಕೂತಿದ್ದಳು.

ಸೋಮವಾರ ಸಂಜೆ ಗಾಳಿ ಬಿದ್ದುಹೋಗಿತ್ತು. ಕಂಪ್ಯೂಟರ್ ಬೆಲೆ ಕಳಿಸಿತು. ಕಾರ್ಖಾನೆಗಳು ಒಂದೊಂದಾಗಿ ಒಪ್ಪಿದವು, ಐಸ್ ಫ್ಯಾಕ್ಟರಿ ಒಪ್ಪಲಿಲ್ಲ. ಬೆಲೆ ಏರಿತು, ಇಲ್ಲ. ಇನ್ನೂ ಏರಿತು, ಇಲ್ಲ.

ಮೇಷ್ಟ್ರು ತಲೆ ಕೆರೆದುಕೊಂಡರು. "ಎರಡು ಪಟ್ಟು ಕೊಡ್ತೀವಿ ಅಂದ್ರೂ ಬೇಡವಂತೆ. ಏನು ಬೇಕಂತೆ ಈ ಮನುಷ್ಯನಿಗೆ?" ಬೇರೆ ದಾರಿಯಿಲ್ಲದೆ ಕಲ್ಲಿದ್ದಲು ಸ್ಥಾವರಕ್ಕೆ ಬಾಯ್ಲರ್ ಬಿಸಿ ಮಾಡಲು ಹೇಳಿದರು. ಆಮೇಲೆ ಇನ್ನೊಂದು ಹೆಡ್‌ಸೆಟ್ ಕಿವಿಗೆ ಹಾಕಿಕೊಂಡು ಅವಳತ್ತ ತಿರುಗಿದರು. "ನೀವೇ ಕೇಳಿ."

ಮೊದಲ ರಿಂಗಿಗೇ ಅವನು ಎತ್ತಿಕೊಂಡ.

"ಯಾಕೆ ಒಪ್ತಿಲ್ಲ ನೀವು?"

"ಬಂದ್ರಾ," ಎಂದ ಅವನು, ಬಾಗಿಲು ತೆರೆದವನ ಹಾಗೆ. "ಮೂರು ಸಲ ಒಪ್ಪದಿದ್ರೆ ಯಾರಾದ್ರೂ ಫೋನ್ ಮಾಡ್ತಾರೆ ಅಂತ ನಿಮ್ಮವರೇ ತಿಳಿಸಿದ್ರು. ಅದು ನೀವೇ ಇರಬಹುದು ಅಂದ್ಕೊಂಡೆ."

ಅವಳಿಗೆ ಸಂತೋಷವೂ ಕೋಪವೂ ಒಟ್ಟಿಗೇ ಉಕ್ಕಿ, ಕೋಪ ಮೊದಲು ಹೊರಬಂತು. "ನಿಮ್ಮ ಹುಡುಗಾಟಕ್ಕೆ ಅಲ್ಲಿ ಕಲ್ಲಿದ್ದಲು ಉರೀತಿದೆ. ಇಷ್ಟು ದಿನ ನಾವಿಬ್ರೂ ಸೇರಿ ಅದನ್ನ ಆರಿಸಿಟ್ಟಿದ್ವಿ. ಗೊತ್ತಿಲ್ವಾ?"

ಅವನ ಬೆನ್ನ ಹಿಂದಿನ ಯಂತ್ರದ ಗುಂಯ್‌ಗುಡುವಿಕೆ ನಿಂತುಹೋಯಿತು. "ನಿಲ್ಲಿಸ್ದೆ. ನೀವು ಎಷ್ಟು ಕೊಟ್ರೆ ಅಷ್ಟು. ತಪ್ಪಾಯ್ತು."

ಪರದೆಯ ಮೇಲೆ ಕೊರತೆ ಅಳಿಸಿಹೋಯಿತು. ಮೇಷ್ಟ್ರು ಬಾಯ್ಲರಿನವರಿಗೆ ಬೇಡವೆಂದು ಸಂದೇಶ ಕಳಿಸಿದರು.

ಇನ್ನು ಧನ್ಯವಾದ ಹೇಳಿ ಫೋನ್ ಇಡಬೇಕು. ಇಟ್ಟರೆ ಈ ಧ್ವನಿ ಅವಳ ಪಾಲಿಗೆ ಮುಗಿಯಿತು. ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದಾರೆ, ಇರುವ ಕೆಲಸವೂ ಹೋಗಬಹುದು.

"ಫೋನ್ ಇಡಬೇಡಿ," ಎಂದಳು. "ನನಗೆ ಈ ಊರಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಎದ್ದಾಗಿಂದ ಸಂಜೆ ಯಾವಾಗ ಆಗುತ್ತೋ ಅಂತ ಕಾಯ್ತಿದ್ದೆ, ನಿಮ್ಮ ಜೊತೆ ಜಗಳ ಆಡೋಕೆ. ನಾಳೆಯಿಂದ ಏನು ಮಾಡ್ಲಿ ಗೊತ್ತಾಗ್ತಿಲ್ಲ."

ಮೇಷ್ಟ್ರು ಹೆಡ್‌ಸೆಟ್ ತೆಗೆದಿಟ್ಟು, ಮೂಗಿನ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕತೊಡಗಿದರು.

"ನಿಮ್ಮ ಆಫೀಸು ಸೇತುವೆ ಪಕ್ಕದ್ದಾ?" ಎಂದು ಕೇಳಿದ ಅವನು.

"ಹೌದು. ಯಾಕೆ?"

"ಯಂತ್ರ ನಿಲ್ಲಿಸಿದ್ದೀನಲ್ಲ. ಒಂದು ಗಂಟೆ ನನಗೂ ಕೆಲಸ ಇಲ್ಲ."

ಅವಳು ಹೊರಗಿನ ಮೆಟ್ಟಿಲ ಮೇಲೆ ನಿಂತಳು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಐಸ್ ಸಾಗಿಸುವ ವ್ಯಾನೊಂದು ಬಂದು ನಿಂತಿತು. ಇಳಿದವನ ಕೂದಲು ಅಲ್ಲಲ್ಲಿ ನರೆತಿತ್ತು. ಈ ಸೆಕೆಯಲ್ಲೂ ಶೀತಲಗೃಹದ ದಪ್ಪ ಕೋಟಿನಲ್ಲೇ ಓಡಿ ಬಂದಿದ್ದ, ಮುಖದಿಂದ ಬೆವರು ಇಳಿಯುತ್ತಿತ್ತು. ಮೆಟ್ಟಿಲ ಬುಡಕ್ಕೆ ಬಂದು ನಿಂತ.

"ಮೊದಲು ಆ ಕೋಟು ತೆಗೀರಿ," ಎಂದಳು ಅವಳು.

"ಗುಂಡಿ ಬಿಚ್ಚೋಕೇ ಆಗ್ತಿಲ್ಲ."

ಅವಳು ಒಂದು ಮೆಟ್ಟಿಲು ಇಳಿದು, ಅವನ ಕತ್ತಿನ ಬಳಿಯ ಗುಂಡಿಗೆ ಕೈಹಾಕಿದಳು.